ಚನಬಸವ್ವ ಕೂತು ನೋಡಿದ ಗಾಡಿ

ವೈಜನಾಥ ಮಿಸ್ತ್ರಿ ಮನುಷ್ಯರ ಮುಖ ನೋಡುವುದಕ್ಕೆ ಮೊದಲು ಅವರ ಗಾಡಿಯ ಹಿಂಭಾಗ ನೋಡುತ್ತಾನೆ. ಮೊದಲ ದಿನ ನನಗೆ ಇದು ಗೊತ್ತಿರಲಿಲ್ಲ, ಸಿಟ್ಟು ಬಂತು. ನಾಸಿಕ್ ರೋಡಿನಿಂದ ಪಂಚವಟಿಯವರೆಗೆ ನನ್ನ ಹಳೇ ವ್ಯಾನು ಓಡಿಸಿಕೊಂಡು ಹೋಗಿ, ಅವನ ಅಂಗಡಿ ಮುಂದೆ ಇಳಿದು, ನಮಸ್ಕಾರಕ್ಕೆ ಕೈ ಎತ್ತಿದರೆ ಆಸಾಮಿ ನನ್ನನ್ನು ಬಳಸಿಕೊಂಡು ಹಿಂದಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತುಬಿಟ್ಟ. ಒಳಗೆ ಎಡಗಡೆ ಕೂತಿದ್ದ ನನ್ನ ಹೆಂಡತಿ ಭಾನುಮತಿ, "ಇಲ್ಲೂ ನಿಮ್ಮನ್ನ ಯಾರೂ ಕೇಳೂದಿಲ್ಲ ನೋಡ್ರಿ" ಎಂದಳು. ಕನ್ನಡ ಕಿವಿಗೆ ಬಿದ್ದದ್ದೇ ಅವನು ತಲೆ ಎತ್ತಿ, "ಎಡಗಡಿ ಪಾಟಾ ಕೂತದ್ರಿ ಸಾಹೇಬ್ರ. ಈ ಕಡಿ ದಿನಾ ಯಾರರೆ ತೂಕದವರು ಕೂಡ್ತಾರೇನು?" ಎಂದ. ಭಾನುಮತಿ ಆ ದಿನ ಪೂರ್ತಿ ಅವನ ಚಹಾ ಮುಟ್ಟಲಿಲ್ಲ.

ನಾನು ಬಿಂದುಮಾಧವ, ವಿಜಯಪುರದವನು. ನಾಸಿಕ್ ರೋಡಿನ ಪ್ರೆಸ್ಸಿನಲ್ಲಿ ಮೂವತ್ತೊಂದು ವರ್ಷ ನೌಕರಿ ಮಾಡಿ ನಿವೃತ್ತನಾದವನು. ಕೆಲಸವಿಲ್ಲದ ಮನುಷ್ಯನಿಗೆ ಊರ ಉಸಾಬರಿಯೆಲ್ಲ ಬೇಕು. ಹೀಗಾಗಿ ವ್ಯಾನು ರಿಪೇರಿಯಾದ ಮೇಲೂ ನಾನು ಆ ಅಂಗಡಿಗೆ ಹೋಗುವುದು ನಿಲ್ಲಲಿಲ್ಲ. ಅಲ್ಲಿ ಒಂದು ಮುರುಕು ಸೀಟು ನನ್ನದೇ ಎಂದು ಆಗಿಹೋಯಿತು.

ವೈಜನಾಥ ಬೀದರ ಜಿಲ್ಲೆ ಭಾಲ್ಕಿ ಕಡೆಯವನು, ವಯಸ್ಸು ನಲವತ್ತಾರು. ಅವನದು ಕಮಾನಿನ ಕೆಲಸ. ಲಾರಿ, ಪಿಕಪ್ಪುಗಳ ತೂಕ ಹೊರುವ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವಲ್ಲ, ಒಂದರ ಕೆಳಗೊಂದು, ಉದ್ದದ್ದು ಮೇಲೆ, ಗಿಡ್ಡದ್ದು ಕೆಳಗೆ, ಅವಕ್ಕೆ ಇಲ್ಲಿ ಪಾಟಾ ಅನ್ನುತ್ತಾರೆ, ಇಡೀ ಕಟ್ಟಿಗೆ ಕಮಾನು. ಅವನ್ನು ಬಿಚ್ಚುವುದು, ಬಡಿದು ಬಾಗಿಸುವುದು, ಮುರಿದದ್ದನ್ನು ಬದಲಿಸುವುದು ಅವನ ದಿನದ ಪಾಡು. ತಾನು ಹಾಕಿದ ಪ್ರತಿ ಪಾಟಾದ ತುದಿಗೆ ಕನ್ನಡದಲ್ಲಿ 'ವೈ' ಎಂದು ಉಳಿಯಿಂದ ಗುರುತು ಹೊಡೆಯುತ್ತಾನೆ. ನಾಸಿಕ್ಕಿನ ಬೇರೆ ಯಾವ ಮಿಸ್ತ್ರಿಗೂ ಅದು ಓದಲು ಬರುವುದಿಲ್ಲ ಎಂಬುದು ಅವನಿಗೆ ದೊಡ್ಡ ಖುಷಿ.

ಅವನ ಹೆಸರು ಬೆಳೆದದ್ದು ಉಳ್ಳಾಗಡ್ಡಿಯಿಂದ. ಲಾಸಲಗಾವ ಮಾರ್ಕೆಟ್ಟಿಗೆ ಉಳ್ಳಾಗಡ್ಡಿ ಹೇರುವ ಪಿಕಪ್ಪುಗಳಿಗೆ ಕಂಪನಿ ಕೊಟ್ಟ ಪಾಟಾ ಸಾಲುವುದಿಲ್ಲ, ಹಿಂದೆ ಕುಸಿದು ಹೋಗುತ್ತವೆ. ವೈಜನಾಥ ಎರಡು ಪಾಟಾ ಜಾಸ್ತಿ ಹಾಕಿದನೆಂದರೆ ಗಾಡಿ ಎದ್ದು ನಿಲ್ಲುತ್ತಿತ್ತು. ಯಾರೇ ಬರಲಿ, ಏನೇ ಕೇಳಲಿ, ಅವನ ಉತ್ತರ ಒಂದೇ: "ಎರಡು ಪಾಟಾ ಜಾಸ್ತಿ ಹಾಕ್ತೀನಿ, ಹತ್ತು ವರ್ಷ ನೋಡೂದು ಬ್ಯಾಡ." ಎಲ್ಲ ಜ್ವರಕ್ಕೂ ಒಂದೇ ಗುಳಿಗೆ ಕೊಡುವ ಡಾಕ್ಟರು ನಮ್ಮೂರಲ್ಲೂ ಒಬ್ಬರಿದ್ದರು, ಅವರ ಕೈಗುಣವೂ ಚೆನ್ನಾಗಿಯೇ ಇತ್ತು.

ಅವರ ಲಿಂಗಾಯತ ಸಮಾಜದವರು, ಬೀದರ ಕಲಬುರಗಿ ಕಡೆಯ ಇನ್ನೂರು ಮನೆ ಇರಬಹುದು, ಒಂದು ಹಳೆಯ ಪಿಕಪ್ ಕೊಂಡಿದ್ದರು. ಹಿಂದಿನ ಎರಡೇ ಗಾಲಿಗೆ ಎಳೆತವಿರುವ ಮಾಮೂಲಿ ಗಾಡಿ, ಮುಂದೆ ಹಿಂದೆ ನಾಲ್ಕೂ ಕಡೆ ಪಾಟಾ. ಕೊಂಡದ್ದು ಸತ್ತವರನ್ನು ಒಯ್ಯಲಿಕ್ಕೆ. ನಮ್ಮಲ್ಲಿ ಮಲಗಿಸಿ ಒಯ್ದು ಸುಡುತ್ತಾರೆ, ಅವರಲ್ಲಿ ಹಾಗಲ್ಲ. ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗ ಇಟ್ಟು, ಪದ್ಮಾಸನದಲ್ಲಿ ಕೂರಿಸುತ್ತಾರೆ. ಬಿದಿರು ಹೂವುಗಳ ವಿಮಾನ ಕಟ್ಟಿ, ಕೂತಂತೆಯೇ ಒಯ್ದು, ಕೂತಂತೆಯೇ ಮಣ್ಣು ಮಾಡುತ್ತಾರೆ. ಹೋಗುವ ಮನುಷ್ಯ ಊರನ್ನೆಲ್ಲ ನೋಡುತ್ತ ಹೊರಟಂತೆ ಕಾಣುತ್ತದೆ. ಊರಲ್ಲಾದರೆ ಹೆಗಲ ಮೇಲೆ ಒಯ್ಯುತ್ತಾರೆ. ಇಲ್ಲಿ ರುದ್ರಭೂಮಿ ಊರ ಹೊರಗೆ ಹದಿನಾಲ್ಕು ಕಿಲೋಮೀಟರು. ಕೊನೆಯ ಒಂದು ಕಿಲೋಮೀಟರು ಕಲ್ಲುದಾರಿ, ನಡುವೆ ಬಂಡೆಗಲ್ಲಿನ ಒಂದು ಹಳ್ಳ, ಇಲ್ಲಿಯವರ ಬಾಯಲ್ಲಿ ನಾಲಾ. ಅದಕ್ಕೇ ಗಾಡಿ ಬೇಕು.

ಆ ನಾಲಾದಲ್ಲಿ ಗಾಡಿಯ ಹೊಟ್ಟೆ ಬಂಡೆಗೆ ತಾಗುತ್ತದೆ, ಎತ್ತರ ಮಾಡಿಕೊಡು ಎಂದು ಸಮಾಜದವರು ವೈಜನಾಥನಿಗೆ ಹೇಳಿದರು. ಸಮಾಜದ ಸೇವೆ, ಸಿಕ್ಕಿದ್ದೇ ಭಾಗ್ಯ ಎಂದು ಅವನು ತನಗೆ ಗೊತ್ತಿದ್ದ ಗುಳಿಗೆಯನ್ನೇ ಕೊಟ್ಟ. ಹಿಂದೆ ಎರಡೆರಡು, ಮುಂದೆ ಒಂದೊಂದು ಪಾಟಾ ಜಾಸ್ತಿ. ಗಾಡಿ ನಾಲ್ಕು ಬೆರಳು ಎತ್ತರವಾಯಿತು. ಎಲ್ಲರೂ ಶಾಬ್ಬಾಸ್ ಅಂದರು. ಟನ್ನುಗಟ್ಟಲೆ ಉಳ್ಳಾಗಡ್ಡಿ ಹೇರಿದರೆ ಮಾತ್ರ ಮಣಿಯುವ ಕಮಾನಿನ ಮೇಲೆ ಒಂದು ಹಗುರ ದೇಹ ಕೂರುತ್ತದೆ ಎಂಬುದು ಒಬ್ಬರಿಗೂ ಹೊಳೆಯಲಿಲ್ಲ.

ಮೂರು ತಿಂಗಳಿಗೆ ವೈಜನಾಥನ ತಂದೆ ಶಿವಶರಣಪ್ಪ ತೀರಿಕೊಂಡರು. ಅದು ನಾಲ್ಕು ವರ್ಷದ ಹಿಂದಿನ ಶ್ರಾವಣ. ನಾನು ಹಿಂದೆ ವ್ಯಾನಿನಲ್ಲಿ ಬರುತ್ತಿದ್ದೆ. ನನ್ನ ಪಕ್ಕದಲ್ಲಿ ವೈಜನಾಥನ ತಾಯಿ ಚನಬಸವ್ವ ಕೂತಿದ್ದರು. ಡಾಂಬರು ರಸ್ತೆಯಲ್ಲಿ ಏನೂ ಆಗಲಿಲ್ಲ. ನಾಲಾದಲ್ಲಿ ಹಿಂದಿನ ಗಾಲಿ ಬಂಡೆ ಹತ್ತಿ ಇಳಿದದ್ದೇ ಗಾಡಿ ಹೋರಿಯಂತೆ ನೆಗೆಯಿತು. ಬೆನ್ನಿಗೆ ಕಟ್ಟಿದ್ದ ವಸ್ತ್ರ ಸಡಿಲಾಗಿ ಮುದುಕರ ತಲೆ ಮುಂದಕ್ಕೆ ಬಾಗಿ ಬಿದಿರಿಗೆ ಬಡಿಯಿತು. ರುಮಾಲು ಕೆಳಗೆ ಬಿತ್ತು, ವಿಭೂತಿ ಅಳಿಸಿತು. ಹಿಂದಿದ್ದ ನಾವೆಲ್ಲ ನೋಡಿದೆವು. ಚನಬಸವ್ವ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು.

ಹನ್ನೊಂದು ದಿನ ಕಳೆದ ಮೇಲೆ ಮಗನನ್ನು ಕರೆದು ಹೇಳಿದರಂತೆ. "ನಿಮ್ಮಪ್ಪ ಗುರುಗಳಿಗಿ ಬಿಟ್ಟು ಯಾರ ಮುಂದೂ ತಲಿ ಬಾಗಿಸ್ದವರಲ್ಲ. ನೀ ನಾಲಾದಾಗ ಬಾಗಿಸಿದಿ. ನನ್ನ ಹೊತ್ತು ಬಂದಾಗ ಆ ಗಾಡ್ಯಾಗ ಕೂಡಿಸಬ್ಯಾಡ. ದವಾಖಾನಿ ಗಾಡ್ಯಾಗ ಮಲಗಿಸಿ ಒಯ್ದರೂ ನಡೀತದ."

ಮಲಗಿಸಿ ಒಯ್ದರೇನು ಎಂದು ನನಗೆ ಅನ್ನಿಸಿತ್ತು. ವೈಜನಾಥನ ಹೆಂಡತಿ ರೂಪಾ ನನಗೆ ಬಿಡಿಸಿ ಹೇಳಿದಳು: "ಕಾಕಾ, ನಮ್ಮ ಮಂದ್ಯಾಗ ಇದಕ್ಕಿಂತ ದೊಡ್ಡ ಬೈಗುಳ ಇಲ್ರಿ. ನಿಂಬಲ್ಲಿ ತಾಯಿ ಮಗನಿಗಿ, ನೀ ನನಗ ಬೆಂಕಿ ಇಡಬ್ಯಾಡ ಅಂದಂಗ." ಆಮೇಲೆ ನನಗೆ ಅನ್ನ ಸೇರಲಿಲ್ಲ, ಸುಳ್ಳೇಕೆ ಹೇಳಲಿ.

ಮೂರು ವರ್ಷ ತಾಯಿ ಮಗ ಒಂದೇ ಮನೆಯಲ್ಲಿ ಉಂಡರು, ಮಾತಾಡಿದರು, ಜಗಳಾಡಿದರು; ಆ ವಿಷಯ ಮಾತ್ರ ಎತ್ತಲಿಲ್ಲ. ಗಾಡಿ ಸಮಾಜದ ಭವನದ ಹಿಂದೆ ನಿಂತಿತ್ತು. ಯಾರಾದರೂ ತೀರಿಕೊಂಡರೆ ಅದನ್ನೇ ತೆಗೆಯುತ್ತಿದ್ದರು, ನಾಲಾ ಬಂದಾಗ ವಿಮಾನ ಇಳಿಸಿ ಕೈಯಲ್ಲಿ ಹೊತ್ತು ದಾಟಿಸುತ್ತಿದ್ದರು. ಸಮಾಜದ ಕಾರ್ಯದರ್ಶಿ ಸಂಗಮನಾಥ ಬಟ್ಟೆ ವ್ಯಾಪಾರಿ, ಲೆಕ್ಕಾಚಾರದ ಮನುಷ್ಯ. ಹೊರುವವರು ಸಿಗುತ್ತಿಲ್ಲ, ಎಲ್ಲರಿಗೂ ಸೊಂಟ ನೋವು, ಇದನ್ನು ಮಾರಿ ಮಲಗಿಸಿ ಒಯ್ಯುವ, ಸುತ್ತ ಮುಚ್ಚಿದ ಗಾಡಿಯೊಂದನ್ನು ತರೋಣ ಎಂದು ಸಭೆಯಲ್ಲಿ ಹೇಳಿದರು. ಯುಗಾದಿಯವರೆಗೆ ನೋಡೋಣ ಎಂದು ಸಭೆ ಮುಂದೂಡಿತು.

ಆ ವಾರ ನಾನು ನನ್ನ ಮುರುಕು ಸೀಟಿನಲ್ಲಿ ಕೂತಿದ್ದೆ. ದ್ರಾಕ್ಷಿಯ ಹಂಗಾಮು. ಒಬ್ಬ ಪಿಕಪ್ಪಿನವನು ಬಂದು, ಎರಡು ಪಾಟಾ ತೆಗೆದುಬಿಡು, ಗಾಡಿ ಕುಣಿದು ಗೊಂಚಲಿನಿಂದ ಮಣಿ ಉದುರುತ್ತವೆ ಎಂದು ಮರಾಠಿಯಲ್ಲಿ ಗೋಗರೆದ. ವೈಜನಾಥ ತೆಗೆದ. ನೋಡುತ್ತ ನೋಡುತ್ತ ನನಗೆ ಸಿಟ್ಟು ನೆತ್ತಿಗೇರಿತು.

"ಅಲ್ಲೋ ವೈಜನಾಥ, ದ್ರಾಕ್ಷಿ ಉದರ್ತದಂದ್ರ ಪಾಟಾ ತೆಗಿತಿ. ಹೆತ್ತ ತಾಯಿಗೆ ಮಾತ್ರ ಉಳ್ಳಾಗಡ್ಡಿ ಕಮಾನು ಏನು?"

ಅವನು ಬೋಲ್ಟು ತಿರುವುವ ಪಾನಾ ಕೆಳಗಿಟ್ಟ. ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. "ಮೂರು ವರ್ಷದಿಂದ ತಿಳ್ದದ್ರಿ ಸಾಹೇಬ್ರ" ಎಂದ. "ಬರೇ ಪಾಟಾ ತೆಗೆದ್ರ ಗಾಡಿ ಕುಸೀತದ, ನಾಲಾದಾಗ ಹೊಟ್ಟಿ ಬಡೀತದ. ಎತ್ತರನೂ ಇರಬೇಕು, ಮೆತ್ತಗನೂ ಇರಬೇಕು. ಅದು ನನಗ ಬರಂಗಿಲ್ರಿ. ಬರಂಗಿಲ್ಲ ಅಂತ ಯಾರ ಮುಂದ ಹೇಳ್ಲಿ?"

ಇಪ್ಪತ್ತೈದು ವರ್ಷ ಒಂದೇ ಕೆಲಸ ಮಾಡಿದವನ ಬಾಯಿಂದ ಈ ಮಾತು ಬರುವುದು ಸಣ್ಣದಲ್ಲ. ನಾನು ಸುಮ್ಮನೆ, "ನನ್ನ ಮುಂದ ಹೇಳಿದಿಯಲ್ಲ, ಇನ್ನ ಕಲಿ" ಎಂದೆ.

ಬೇಕಾದದ್ದು ಉದ್ದನೆಯ ತೆಳು ಪಾಟಾ, ಮೊದಲಿನ ಕಾಲದಲ್ಲಿ ಜನರನ್ನು ಹೇರುತ್ತಿದ್ದ ಜೀಪುಗಳಲ್ಲಿ ಬರುತ್ತಿದ್ದಂಥದ್ದು. ಅದು ಸಂಭಾಜಿನಗರದ ಗುಜರಿಯಲ್ಲಿ ಸಿಗಬಹುದು ಎಂದು ಯಾರೋ ಹೇಳಿದರು. ಇಬ್ಬರೂ ಸಮಾಜದ ಆ ಪಿಕಪ್ಪಿನಲ್ಲೇ ಹೊರಟೆವು. ಭಾನುಮತಿ ತಾನೂ ಬರುತ್ತೇನೆಂದಳು, ನಾನು ಒಲ್ಲೆನೆಂದೆ. ದಾರಿಯಲ್ಲಿ ಯೇವಲಾ ಬರುತ್ತದೆ, ಯೇವಲಾದಲ್ಲಿ ಪೈಠಣಿ ಸೀರೆಯ ಅಂಗಡಿಗಳಿವೆ, ಬಲ್ಲವರಿಗೆ ಇಷ್ಟು ಸಾಕು. ಕುಂಭಮೇಳದ ತಯಾರಿಗೆಂದು ನಾಸಿಕ್ಕಿನ ಅರ್ಧ ರಸ್ತೆ ಅಗೆದಿದ್ದರು. ಊರು ದಾಟುವುದರಲ್ಲಿ ನನ್ನ ಸೊಂಟ ಸಾಕ್ಷಿ ಹೇಳಲು ಶುರುಮಾಡಿತ್ತು: ಶಿವಶರಣಪ್ಪನವರು ಬಾಗಿದ್ದರಲ್ಲಿ ಆಶ್ಚರ್ಯವಿಲ್ಲ, ಜೀವಂತ ಇದ್ದ ನಾನೇ ಮೂರು ಸಲ ಬಾಗಿದೆ.

ಸಂಭಾಜಿನಗರದ ಗುಜರಿಯ ಮಾಲೀಕ ಬಿಳಿಗಡ್ಡದ ಮುದುಕ, ಖಾಟಿನ ಮೇಲೆ ಕೂತು ರೇಡಿಯೋ ಕೇಳುತ್ತಿದ್ದ. ಕಮಾನು ಬೇಕೆಂದರೆ ಅವನು ಕೇಳುವುದು ಒಂದೇ ಪ್ರಶ್ನೆ, "ಲೋಡ್ ಕಾಯ್?" ಅಂದರೆ ಏನು ಹೇರುತ್ತೀರಿ ಎಂದು. ಸಿಮೆಂಟಿಗೆ ಒಂದು, ಕಬ್ಬಿಗೆ ಒಂದು, ಕೋಳಿಗೆ ಒಂದು ಅವನ ರಾಶಿಗಳು. ವೈಜನಾಥ ಆ ರಾಶಿಗಳ ಕಡೆ ನೋಡಿದ. ಮತ್ತೆ ಕೇಳಿದಾಗ ನೆಲ ನೋಡುತ್ತ, "ಆಈ" ಎಂದ. ಅಮ್ಮ.

ಮುದುಕ ರೇಡಿಯೋ ಬಂದ್ ಮಾಡಿದ. ನಾನು ಮರಾಠಿಯಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ಅವನು ಖಾಟಿನಿಂದ ಇಳಿದು, ಕೋಲೂರಿಕೊಂಡು, ಹಿಂದಿನ ತಗಡಿನ ಶೆಡ್ಡಿಗೆ ನಮ್ಮನ್ನು ಕರೆದೊಯ್ದ. ಅಲ್ಲಿ ಹಳೇ ಜೀಪುಗಳ ಪಾಟಾಗಳು ಎಣ್ಣೆ ಹಚ್ಚಿ ಇಟ್ಟಿದ್ದವು. ವೈಜನಾಥ ಒಂದೊಂದನ್ನೂ ಸರಪಳಿಗೆ ತೂಗುಹಾಕಿ ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟು ಕೇಳಿದ. ಬಿರುಕಿದ್ದರೆ ಬದ್ ಅನ್ನುತ್ತದೆ, ಗಟ್ಟಿಯಿದ್ದರೆ ಗುಡಿಯ ಗಂಟೆಯ ದನಿ. ನಾಲ್ಕು ತಾಸು ಆರಿಸಿ ಹದಿನೆಂಟು ಪಾಟಾ ತಂದೆವು.

ಮುಂದಿನದು ಆರು ದಿನದ ಕೆಲಸ. ಗಾಡಿಯನ್ನು ನಾಲ್ಕೂ ಕಡೆ ಜಾಕ್ ಕೊಟ್ಟು ಎತ್ತಿ, ಚಾಸಿಯ ಕೆಳಗೆ ಕಬ್ಬಿಣದ ಕುದುರೆ ನಿಲ್ಲಿಸಿ, ಗಾಲಿ ಕಳಚಿದ. ತುಕ್ಕು ಹಿಡಿದ ಯು ಬೋಲ್ಟುಗಳು ಪಾನಾಕ್ಕೆ ಮಣಿಯದೆ ಗ್ಯಾಸಿನಿಂದ ಕತ್ತರಿಸಬೇಕಾಯಿತು. ತಾನೇ ಹಾಕಿದ್ದ ಪಾಟಾಗಳನ್ನು ಹೊರಗೆಳೆದು, ತುದಿಯ 'ವೈ' ಗುರುತಿನ ಮೇಲೆ ಒಮ್ಮೆ ಬೆರಳಾಡಿಸಿ, ಮೂಲೆಗೆ ಎಸೆದ. ತಂದ ಪಾಟಾಗಳಿಗೆ ಬೆಂಕಿ ತೋರಿಸದೆ, ತಣ್ಣಗಿರುವಾಗಲೇ ಅಡಿಗಲ್ಲಿನ ಮೇಲಿಟ್ಟು ಅಂಗುಲ ಅಂಗುಲಕ್ಕೂ ಸುತ್ತಿಗೆ ಹಾಕಿ ಬಾಗು ಕೊಟ್ಟ. ಎತ್ತರ ಆ ಬಾಗಿನಿಂದ ಬರಬೇಕು, ಪಾಟಾದ ಸಂಖ್ಯೆಯಿಂದಲ್ಲ ಎಂಬುದು ಅವನು ಕಲಿತ ಹೊಸ ಪಾಠ. ಹಿಂದೆ ಇನ್ನೂ ಎರಡು ಬೆರಳು ಕಡಿಮೆ ಬಿತ್ತು. ಅದಕ್ಕೆ ಅಚ್ಚಿಗೂ ಕಮಾನಿಗೂ ನಡುವೆ ಒಂದು ಕಬ್ಬಿಣದ ದಿಮ್ಮಿ ಕೂರಿಸಿದ. ಗಾಡಿ ಎದ್ದಿತೆಂದರೆ ಬ್ರೇಕಿನ ಪೈಪು ಗಿಡ್ಡವಾಗುತ್ತದೆ, ಎಂಜಿನ್ನಿನಿಂದ ಹಿಂದಕ್ಕೆ ಬರುವ ಶಾಫ್ಟಿನ ಓರೆ ಕೆಡುತ್ತದೆ. ಪೈಪು ಉದ್ದ ಮಾಡಿದ, ಓರೆ ಸರಿಪಡಿಸಲು ಬೆಣೆ ಕೊಟ್ಟ, ಬುಷ್ ಎಲ್ಲ ಹೊಸದು ಹಾಕಿದ. ಪಾಟಾಗಳ ನಡುವೆ ಅವನು ಗ್ರೀಸು ಹಚ್ಚುವುದನ್ನು ನೋಡಿದ ಭಾನುಮತಿ, "ಹೋಳಿಗೆಗೆ ತುಪ್ಪ ಹಚ್ಚಿದಂಗ ಹಚ್ತಾನ" ಎಂದಳು. ತೂಕದ ಮಾತಿನ ಸಿಟ್ಟು ಅವಳಿಗೆ ಅಷ್ಟರಲ್ಲಿ ಇಳಿದಿತ್ತು.

ಏಳನೇ ದಿನ ಬೆಳಿಗ್ಗೆ ನಾಲಾಕ್ಕೆ ಹೋಗಿ ಪರೀಕ್ಷೆ ಮಾಡುವುದೆಂದಾಯಿತು. ಗಾಡಿಯ ಹಿಂದೆ ದೇಹ ಕೂರಿಸುವ ಪೀಠದ ಮೇಲೆ ಅರವತ್ತು ಕಿಲೋ ಉಸುಕಿನ ಚೀಲ ಕಟ್ಟಿದ. ಗಾಡಿ ಅವನ ಮನೆಯ ಮುಂದೆಯೇ ನಿಂತಿತ್ತು. ಚನಬಸವ್ವ ಕೋಲು ಹಿಡಿದು ಹೊರಗೆ ಬಂದು ಚೀಲವನ್ನು ನೋಡಿದರು.

"ಇದ್ಯಾರಪ್ಪ?"

"ಉಸುಕವ್ವ. ತೂಕಕ್ಕ."

"ಉಸುಕು ಏನ್ ಹೇಳ್ತದ ನಿನಗ? ಆ ಗಾಡ್ಯಾಗ ಕೂಡಾಕಿ ನಾನು. ನನಗ ಕೇಳಿದಿ ಏನು? ಜೀವ ಇದ್ದಾಗ ಕೂತು ನೋಡ್ತೀನಿ. ಹೋದ ಮ್ಯಾಲ ಎದ್ದು ಬಂದು ಹೇಳ್ಲಕ್ಕ ಆಗ್ತದೇನು?"

ರೂಪಾ ಓಡಿ ಬಂದು ಸೆರಗು ಹಿಡಿದಳು. "ಅತ್ತಿ, ಬ್ಯಾಡ್ರಿ. ಅದು ಹೆಣದ ಗಾಡಿ. ಜೀವಂತ ಮನುಷ್ಯಾರು ಹತ್ತಬಾರದು, ಅಪಶಕುನ." ಓಣಿಯ ಮರಾಠಿ ಹೆಂಗಸರೂ ಬಾಗಿಲಿಗೆ ಬಂದು ನಿಂತು ಅದನ್ನೇ ಅಂದರು. ಚನಬಸವ್ವ ಎಲ್ಲರನ್ನೂ ಒಮ್ಮೆ ನೋಡಿ, "ನನಗ ಎಂಬತ್ತೊಂದು. ಇನ್ನ ಶಕುನ ನೋಡಿ ಯಾರ ಮನಿ ಹೆಣ್ಣು ನೋಡ್ಲಕ್ಕ ಹೋಗ್ಬೇಕಾಗ್ಯಾದ?" ಎಂದರು. ಚೀಲ ಇಳಿಯಿತು, ಅವರು ಹತ್ತಿದರು.

ಪೀಠದ ಮೇಲೆ ಚಕ್ಕಳಮಕ್ಕಳ ಹಾಕಿ, ಕೈಯಲ್ಲಿ ನೀರು ತುಂಬಿದ ತಂಬಿಗೆ ಹಿಡಿದು ಕೂತರು. ಬೀಳದಂತೆ ಹಿಡಿಯಲು ನಾನು ಪಕ್ಕದಲ್ಲಿ. ಪಂಚವಟಿಯ ಓಣಿಗಳಲ್ಲಿ ಆಟೋದವರು ಬ್ರೇಕ್ ಹಾಕಿ ನೋಡಿದರು. ಒಬ್ಬ ಕೈ ಮುಗಿದ, ಚನಬಸವ್ವ ಹರಸಿದರು. ಅವನು ಆಟೋ ಬಿಟ್ಟು ಓಡಿಹೋಗದಿದ್ದದ್ದು ಪುಣ್ಯ.

ನಾಲಾ ದಾಟಿದ ಮೇಲೆ ವೈಜನಾಥ ಗಾಡಿ ನಿಲ್ಲಿಸಿ, ಇಳಿದು, ಹಿಂದಕ್ಕೆ ಬಂದು, ಹಲಗೆ ಹಿಡಿದು ನಿಂತು ಕೇಳಿದ. "ಅವ್ವಾ, ಹ್ಯಾಂಗದ?"

"ಕುಣಿಯಂಗಿಲ್ಲ, ಖರೇ. ಆದ್ರ ತೊಟ್ಲಾ ತೂಗಿದಂಗ ಆ ಕಡಿ ಈ ಕಡಿ ತೂಗ್ತದ. ಅರ್ಧ ತಂಬಿಗಿ ನೀರು ಈ ಸಾಹೇಬ್ರ ಮ್ಯಾಲ ಬಿತ್ತು."

ಬಿದ್ದದ್ದು ನಿಜ. ಎತ್ತರವಾಗಿ ಮೆತ್ತಗಾದ ಗಾಡಿ ತೂಗಾಡುತ್ತದೆ. ವೈಜನಾಥ ತೂಗಾಟ ತಡೆಯುವ ಹಿಂದಿನ ಹಳೇ ಶಾಕಪ್ ತೆಗೆದು ದಪ್ಪನೆಯವು ಹಾಕಿದ, ಕೂರುವ ಪೀಠವನ್ನು ಕೊಯ್ದು ಅರ್ಧ ಅಡಿ ಕೆಳಗಿಳಿಸಿದ. ಎರಡನೇ ಸಲ ಹೋದೆವು. ನಾಲಾ, ನಿಲ್ಲಿಸುವುದು, ಇಳಿಯುವುದು. "ಅವ್ವಾ, ಹ್ಯಾಂಗದ?" ಈ ಸಲ, ಮುಂದಿನ ಗಾಲಿ ಬಂಡೆಗೆ ಏರುವಾಗ ಎದೆಗೆ ಗುದ್ದಿದಂತಾಗುತ್ತದೆ ಎಂದರು. ಮುಂದಿನ ಕಮಾನಿನಿಂದ ಒಂದು ಪಾಟಾ ತೆಗೆದ. ಕಮಾನಿನ ಕೆಲಸದಲ್ಲಿ ಅಷ್ಟು ನಿಖರವಾಗಿ ದೂರು ಹೇಳುವ ಗಿರಾಕಿಯನ್ನು ಅವನು ಅಲ್ಲಿಯವರೆಗೆ ಕಂಡಿರಲಿಲ್ಲ.

ಮೂರನೇ ಸಲ ಹೋದದ್ದು ಯುಗಾದಿಗೆ ನಾಲ್ಕು ದಿನ ಮುಂಚೆ. ಸಂಗಮನಾಥರೂ ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಬಂದರು. ಬಂಡೆಯ ಮೇಲೆ ಗಾಲಿ ಏರಿತು, ಇಳಿಯಿತು. ಗಾಡಿ ಒಮ್ಮೆ ಉಸಿರೆಳೆದು ಬಿಟ್ಟಂತೆ ಮೇಲೆ ಕೆಳಗೆ ಆಗಿ ಸುಮ್ಮನಾಯಿತು. ತಂಬಿಗೆಯ ನೀರು ಅಂಚಿನವರೆಗೆ ಬಂದು ಒಳಗೇ ಉಳಿಯಿತು. ವೈಜನಾಥ ಇಳಿದು ಬಂದ. ಮುಖ ಬೆವೆತಿತ್ತು.

"ಅವ್ವಾ, ಹ್ಯಾಂಗದ?"

ಚನಬಸವ್ವ ತಂಬಿಗೆ ಎತ್ತಿ ಎರಡು ಗುಟುಕು ಕುಡಿದು ಮಗನ ಕೈಗೆ ಕೊಟ್ಟರು. "ಆರಾಮ ಅದ. ನಡಿ" ಎಂದರು. ಸೆರಗಿನಿಂದ ಬಾಯಿ ಒರೆಸಿಕೊಂಡು, "ನನ್ನ ಇದರಾಗೇ ಒಯ್ಯಿ" ಎಂದರು. ಅವನು ಉಳಿದ ನೀರನ್ನು ಅಲ್ಲೇ ನಿಂತು ಗಟಗಟ ಕುಡಿದುಬಿಟ್ಟ. ಗಾಡಿ ಮಾರುವ ಮಾತು ಸಭೆಯಲ್ಲಿ ಮತ್ತೆ ಬರಲಿಲ್ಲ.

ಅದಾಗಿ ಹತ್ತು ತಿಂಗಳು ಚನಬಸವ್ವ ಗಟ್ಟಿಯಾಗಿಯೇ ಇದ್ದರು. ನನ್ನನ್ನು ಕಂಡಾಗಲೆಲ್ಲ, "ಸಾಹೇಬ್ರ, ಅಂಗಿ ಒಣಗ್ತೇನ್ರಿ?" ಎಂದು ಕೇಳುತ್ತಿದ್ದರು. ಮಾಘ ಮಾಸದ ಒಂದು ಬೆಳಿಗ್ಗೆ ಪೂಜೆ ಮುಗಿಸಿ ಗೋಡೆಗೆ ಒರಗಿದವರು ಹಾಗೆಯೇ ಹೋದರು. ಕೂತೇ ಇದ್ದರು.

ಮಗ ತಾಯಿಯ ಪಕ್ಕದಲ್ಲಿರಬೇಕು, ಗಾಡಿ ಬೇರೆ ಯಾರಾದರೂ ಹೊಡೆಯಲಿ ಎಂದು ಎಲ್ಲರೂ ಹೇಳಿದರು. ವೈಜನಾಥ ಕೇಳಲಿಲ್ಲ. "ಆ ನಾಲಾದ ಬಂಡಿಗಲ್ಲಿನ ಮ್ಯಾಲ ಕ್ಲಚ್ ಎಲ್ಲಿ ಬಿಡಬೇಕು ನನಗಷ್ಟೇ ಗೊತ್ತದ" ಎಂದು ಸ್ಟೇರಿಂಗಿಗೆ ಹೋಗಿ ಕೂತ. ಅವನ ಕಣ್ಣು ಒಣಗಿತ್ತು. ಹಿಂದೆ ವಿಮಾನದ ಒಂದು ಕಡೆ ರೂಪಾ, ಇನ್ನೊಂದು ಕಡೆ ನಾನು. ಬೇರೆ ಮತದವನು ಅಲ್ಲಿ ಕೂರಬಹುದೇ ಎಂದು ಯಾರೋ ಕೇಳಿದರು. ನನಗೆ ರೂಢಿಯಿದೆ ಎಂದೆ.

ನಾಲಾ ಬಂತು. ಮುಂದಿನ ಗಾಲಿ ಏರಿತು, ಹಿಂದಿನದು ಏರಿತು, ಇಳಿಯಿತು. ಚನಬಸವ್ವನ ಹಣೆಯ ವಿಭೂತಿ ಹಚ್ಚಿದ ಹಾಗೆಯೇ ಇತ್ತು, ತಲೆ ನೆಟ್ಟಗಿತ್ತು, ಮುಡಿಯ ಒಂದು ಸೇವಂತಿಗೆ ಕೂಡ ಅಲುಗಲಿಲ್ಲ. ನಾಲಾ ದಾಟಿದ್ದೇ ಗಾಡಿ ನಿಂತಿತು. ಯಾಕೆ ನಿಂತಿತೆಂದು ಹಿಂದೆ ಬರುತ್ತಿದ್ದವರಿಗೆ ತಿಳಿಯಲಿಲ್ಲ. ವೈಜನಾಥ ಇಳಿದು, ಹಿಂದಕ್ಕೆ ಬಂದು, ಹಲಗೆ ಹಿಡಿದು ನಿಂತ.

"ಅವ್ವಾ, ಹ್ಯಾಂಗದ?" ಎಂದ.

ಕೇಳಿದ ಮೇಲೆ ಅವನಿಗೆ ಗೊತ್ತಾಯಿತು. ಹಲಗೆಯ ಮೇಲೆ ಹಣೆಯಿಟ್ಟ. ಅವನ ಬೆನ್ನು ಅಲುಗುತ್ತಿತ್ತು. ರೂಪಾ ಅತ್ತೆಯ ಮುಖವನ್ನೊಮ್ಮೆ ನೋಡಿದಳು, ಆಮೇಲೆ ಬಗ್ಗಿ ಗಂಡನ ತಲೆ ಮುಟ್ಟಿದಳು.

"ಆರಾಮ ಅದಂತ. ನಡೀರಿ."

ಅವನು ತೋಳಿನಿಂದ ಮುಖ ಒರೆಸಿಕೊಂಡು ಮುಂದಕ್ಕೆ ಹೋಗಿ ಗಾಡಿಯನ್ನು ಒಂದನೇ ಗೇರಿಗೆ ಹಾಕಿದ.